ನಡುವಿನ ಖಾನೆ ಖಾಲಿ ಬಿಡಬೇಡ

ಪುಟ್ಟೀ,

ನಿನ್ನ ಸಿಟ್ಟು ನ್ಯಾಯವಾದದ್ದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯಲ್ಲಿ ಬೇರೆ ಯಾರೂ ಹೇಳಿರುವುದಿಲ್ಲ. ‘ಒಂದು ಗೇಮಿಗೆ ಹೋಗಿ ಇಷ್ಟು ತಲೆ ಕೆಡಿಸಿಕೊಳ್ತಾರಾ’ ಎಂದು ನಿಮ್ಮಮ್ಮ ಅಂದಿರುತ್ತಾಳೆ. ಚಿಕ್ಕಂದಿನಿಂದ ಜೊತೆಗಿದ್ದ ಆಟ ಕೈಕೊಟ್ಟಾಗ ಆಗುವ ಸಂಕಟ ಏನೆಂದು ನನಗೆ ಗೊತ್ತು. ‘ಸಿಮ್ಸ್’ ಸರಣಿಯನ್ನು ಮೊದಲ ಭಾಗದಿಂದ ಆಡಿದವಳು ನಾನು, ನಿನ್ನನ್ನು ಅದರೊಳಗೆ ಎಳೆದವಳೂ ನಾನೇ.

ಆದರೆ ಆ ಸಿಟ್ಟನ್ನು ನೀನು ಹೊರಹಾಕಿದ ರೀತಿ ನನಗೆ ಹಿಡಿಸಲಿಲ್ಲ. ‘ಸಿಮ್ಸ್’ನ ಐದನೆಯ ಭಾಗ ಬರುವುದಿಲ್ಲ, ನಾಲ್ಕನೆಯದನ್ನೇ ಮುಂದುವರಿಸುತ್ತೇವೆ ಎಂದು 2024ರ ಸೆಪ್ಟೆಂಬರಿನಲ್ಲಿ ಆಟದ ಕಂಪನಿಯವರು ಹೇಳಿದ್ದು ನಿನ್ನ ಮನಸ್ಸಿನಲ್ಲಿ ಇನ್ನೂ ಕುದಿಯುತ್ತಿದೆ. ಮಾಡಿದವರಿಗೆ ನಾಚಿಕೆಯಿಲ್ಲ, ಎಲ್ಲರನ್ನೂ ಕೆಲಸದಿಂದ ಕಿತ್ತುಹಾಕಬೇಕು ಎಂದೆಲ್ಲ ಬರೆದು ನನಗೆ ಕಳಿಸಿದ್ದೀಯ. ಎರಡು ಸಲ ಓದಿದೆ. ಬೈಗುಳ ಕಂಡಿತು, ನಿನ್ನ ನಿರಾಸೆ ಕಾಣಲಿಲ್ಲ. ಏನು ಕೆಟ್ಟಿದೆ, ನಿನಗೆ ಏನು ಬೇಕಿತ್ತು ಎಂಬುದು ಅದನ್ನು ಓದಿದ ಯಾರಿಗೂ ತಿಳಿಯುವುದಿಲ್ಲ.

ಓದು ಮುಗಿದಾಗಿನಿಂದ ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುವುದು ಬಗ್ ವರದಿ ಬರೆಯುವ ಕ್ರಮವನ್ನು. ಅದಕ್ಕೆ ಮೂರು ಖಾನೆ: ನೀನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ‘ಈ ಸ್ಕ್ರೀನ್ ಸರಿಯಿಲ್ಲ’ ಎಂದಷ್ಟೇ ಬರೆದು ತಂದರೆ ವಾಪಸ್ ಕಳಿಸುತ್ತೇನೆ. ಮೊದಲನೆಯ ಖಾನೆ, ಕೊನೆಯ ಖಾನೆ ಸುಲಭ. ಕಣ್ಣಿಗೆ ಕಂಡದ್ದನ್ನು ಬರೆದರಾಯಿತು. ಕಷ್ಟವೆಲ್ಲ ನಡುವಿನದು. ಏನಾಗಬೇಕಿತ್ತು ಎಂದು ಬರೆಯಲು ಈ ವಸ್ತು ಯಾಕೆ ಇದೆ, ಯಾರಿಗೆ ಇದೆ ಎಂದು ಗೊತ್ತಿರಬೇಕು. ಇಷ್ಟದ ಆಟದ ಮುಂದಿನ ಭಾಗ ನಿರಾಸೆ ಮಾಡಿದಾಗಲೂ ಕೂತು ಮಾಡಬೇಕಾದ ಕೆಲಸ ಇದೇ. ನಡುವಿನ ಖಾನೆಯನ್ನು ಖಾಲಿ ಬಿಡಬೇಡ.

ನನ್ನ ಖಾನೆಯಲ್ಲಿ ಏನಿತ್ತು ಎಂದು ಹೇಳುತ್ತೇನೆ ಕೇಳು.

2000ದ ಫೆಬ್ರವರಿಯಲ್ಲಿ ‘ದಿ ಸಿಮ್ಸ್’ ಬಂದಾಗ ನಾವು ಇನ್ನೂ ಹಲಸೂರಿನ ವಠಾರದಲ್ಲಿದ್ದೆವು. ಎಸ್.ಪಿ. ರಸ್ತೆಯಲ್ಲಿ ಒಂದೊಂದೇ ಭಾಗ ಕೊಂಡು ಜೋಡಿಸಿದ ಕಂಪ್ಯೂಟರ್ ಅದು. ನಿಮ್ಮ ತಾತ ಕಂತಿನಲ್ಲಿ ದುಡ್ಡು ಕೊಟ್ಟಿದ್ದರು. ಗುಂಡು ಹಾರಿಸುವ, ಕಾರು ಓಡಿಸುವ ಆಟಗಳ ನಡುವೆ ಇದೊಂದು ವಿಚಿತ್ರ ಆಟವಾಗಿತ್ತು. ಗೆಲುವು ಎಂಬುದೇ ಇರಲಿಲ್ಲ. ಒಂದು ಮನೆ ಕಟ್ಟಬೇಕು, ಅದರೊಳಗಿನ ಜನ ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಮಲಗಬೇಕು, ಕೆಲಸಕ್ಕೆ ಹೋಗಬೇಕು, ಬಿಲ್ಲು ಕಟ್ಟಬೇಕು, ಪಕ್ಕದ ಮನೆಯವರ ಜೊತೆ ಮಾತಾಡಬೇಕು. ಮಾತೂ ಯಾವ ದೇಶದ್ದೂ ಅಲ್ಲ, ಸಿಮ್ಲಿಶ್ ಎಂದು ಅವರೇ ಹುಟ್ಟಿಸಿದ್ದು. ಧಾಟಿ, ಕೈಸನ್ನೆ ನೋಡಿ ಅರ್ಥ ಮಾಡಿಕೊಳ್ಳಬೇಕು. ಪಕ್ಕದ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ದಖನಿ, ಮಹಡಿಯಲ್ಲಿ ತೆಲುಗು ಕೇಳುತ್ತ ಬೆಳೆದ ನಮಗೆ ಅದು ಕಷ್ಟವೇ ಆಗಲಿಲ್ಲ. ಬೀದಿಯ ನಲ್ಲಿಯ ಬಳಿ ನಡೆಯುವ ಜಗಳ ಯಾವ ಭಾಷೆಯದ್ದಾದರೂ ತಪ್ಪು ಯಾರದು ಎಂದು ನಾವು ಕಿಟಕಿಯಿಂದಲೇ ಹೇಳಬಲ್ಲವರಾಗಿದ್ದೆವು.

ಆಟ ಮಾಡಿದ ವಿಲ್ ರೈಟ್ ಅಷ್ಟು ಹೊತ್ತಿಗೆ ಊರು ಕಟ್ಟುವ ಆಟ ‘ಸಿಮ್‌ಸಿಟಿ’ಯಿಂದ ಹೆಸರಾಗಿದ್ದ. 1991ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬಿದ್ದ ಬೆಂಕಿಯಲ್ಲಿ ಅವನ ಮನೆ ಸುಟ್ಟುಹೋಯಿತು. ಪಾತ್ರೆ ಪಡಗ, ಮೇಜು ಕುರ್ಚಿಯಿಂದ ಹಿಡಿದು ಮತ್ತೆ ಎಲ್ಲ ಜೋಡಿಸಿಕೊಳ್ಳುವಾಗ, ಬಾಳಲು ಮನುಷ್ಯನಿಗೆ ನಿಜವಾಗಿ ಏನೇನು ಬೇಕು ಎಂಬ ಯೋಚನೆ ಅವನನ್ನು ಹಿಡಿಯಿತು. ಮೊದಲಿಗೆ ಅವನು ಯೋಚಿಸಿದ್ದು ಮನೆಯ ವಿನ್ಯಾಸದ ಆಟ. ಕಟ್ಟಿದ ಮನೆ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ಒಳಗೆ ಪುಟ್ಟ ಜನರನ್ನು ಬಿಟ್ಟ, ಆಮೇಲೆ ಮನೆಗಿಂತ ಜನರೇ ಸ್ವಾರಸ್ಯ ಎನಿಸಿದರು. ಅವನ ಕಂಪನಿಯ ಒಳಗೆ ಬಹಳ ಮಂದಿಗೆ ಈ ಆಟದ ಮೇಲೆ ನಂಬಿಕೆಯೇ ಇರಲಿಲ್ಲ. ಬಂದ ಎರಡು ವರ್ಷದಲ್ಲಿ ಅದು ಅಲ್ಲಿಯವರೆಗಿನ ಎಲ್ಲ ಕಂಪ್ಯೂಟರ್ ಆಟಗಳಿಗಿಂತ ಹೆಚ್ಚು ಮಾರಾಟವಾಯಿತು.

ನಾನು ಮೊದಲು ಕಟ್ಟಿದ್ದು ನಮ್ಮ ವಠಾರವನ್ನೇ. ಒಂದು ಮನೆಯಲ್ಲಿ ಎಂಟು ಜನಕ್ಕಿಂತ ಹೆಚ್ಚು ಇರುವಂತಿಲ್ಲ ಎಂಬ ನಿಯಮ, ನಮ್ಮಲ್ಲಿದ್ದವರು ಅದಕ್ಕಿಂತ ಜಾಸ್ತಿ. ಯಾರನ್ನು ಬಿಡುವುದೆಂದು ನಾನೂ ನಿಮ್ಮಮ್ಮನೂ ಒಂದು ಸಂಜೆಯಿಡೀ ಜಗಳವಾಡಿದ್ದೆವು. ನಿಮ್ಮಮ್ಮನಿಗೆ ನೆನಪಿಸಿ ನೋಡು, ನಗುತ್ತಾಳೆ.

2004ರ ಸೆಪ್ಟೆಂಬರಿನಲ್ಲಿ ಎರಡನೆಯ ಭಾಗ ಬಂತು, ನಾಲ್ಕು ಸಿ.ಡಿ.ಗಳಲ್ಲಿ. ಮುಂದಿನ ಭಾಗ ಅಂದರೆ ಹೇಗಿರಬೇಕು ಎಂದು ನಾನು ಕಲಿತದ್ದು ಅದರಿಂದ. ಮೊದಲ ಭಾಗದಲ್ಲಿ ಯಾರಿಗೂ ವಯಸ್ಸಾಗುತ್ತಿರಲಿಲ್ಲ, ಮಕ್ಕಳು ಮಕ್ಕಳಾಗಿಯೇ ಉಳಿಯುತ್ತಿದ್ದರು. ಎರಡನೆಯದರಲ್ಲಿ ಕೂಸು ಅಂಬೆಗಾಲಿಟ್ಟು, ತಪ್ಪು ಹೆಜ್ಜೆಯಿಟ್ಟು, ಶಾಲೆಗೆ ಹೋಗಿ, ಹರೆಯಕ್ಕೆ ಬಂದು, ಮುದುಕಿಯಾಗಿ ಸಾಯುವವರೆಗೆ ಬದುಕು ನಡೆಯಿತು. ಮಕ್ಕಳಿಗೆ ಅಪ್ಪ ಅಮ್ಮನ ಮುಖಲಕ್ಷಣ ಬರುತ್ತಿತ್ತು. ನಮ್ಮಜ್ಜಿಯ ಗಿಣಿಮೂಗನ್ನು ಮೌಸ್ ಎಳೆದು ಎಳೆದು ಸರಿಮಾಡಿ ಒಬ್ಬ ಹೆಂಗಸನ್ನು ಮಾಡಿದ್ದೆ. ಅವಳ ಮಗನಿಗೆ ಆ ಮೂಗು ಬರಲಿಲ್ಲ. ಮೊಮ್ಮಗಳು ದೊಡ್ಡವಳಾಗುತ್ತ ಹೋದಂತೆ ಒಂದು ಮಧ್ಯಾಹ್ನ ಅದೇ ಮೂಗು ತೆರೆಯ ಮೇಲೆ ಮೂಡಿತು. ಅಷ್ಟರಲ್ಲಿ ಕರೆಂಟು ಹೋಗಿ ಯು.ಪಿ.ಎಸ್. ಕೂಗತೊಡಗಿತು, ಅದು ಆರುವುದರೊಳಗೆ ಸೇವ್ ಒತ್ತಿದೆ. ಅಜ್ಜಿಯನ್ನು ಕರೆದು ತೋರಿಸಿದರೆ ಕನ್ನಡಕ ಏರಿಸಿ, ಕಂಪ್ಯೂಟರಿಗೆ ತೀರ ಹತ್ತಿರ ಬಂದು, ‘ಇವಳ್ಯಾರೇ ನಮ್ಮನೆ ಕಡೆಯೋಳ ಥರ ಇದ್ದಾಳೆ’ ಅಂದರು. ಮೇಲೆ ಹೇಳಿದ ನಡುವಿನ ಖಾನೆಯಲ್ಲಿ ನಾನು ಬರೆಯುವ ಮೊದಲ ಸಾಲು ಇದು: ಮನೆಯೊಳಗೆ ಕಾಲ ಕಾಣಬೇಕು.

ಮೂರನೆಯದು 2009ರ ಜೂನ್‌ನಲ್ಲಿ. ಆಗ ನೀನು ನನ್ನ ತೊಡೆಯ ಮೇಲೆ ಕೂತು ಮೌಸ್ ಕಿತ್ತುಕೊಳ್ಳುತ್ತಿದ್ದೆ. ಇಡೀ ಊರು ಒಟ್ಟಿಗೇ ತೆರೆದಿರುತ್ತಿತ್ತು. ಮನೆಯ ಬಾಗಿಲಿನಿಂದ ಹೊರಟು ಪಾರ್ಕಿಗೆ, ಅಲ್ಲಿಂದ ಗೆಳತಿಯ ಮನೆಗೆ ಎಲ್ಲೂ ನಿಲ್ಲದೆ ನಡೆದು ಹೋಗಬಹುದಾಗಿತ್ತು. ನಾವು ಸೋಮೇಶ್ವರ ದೇವಸ್ಥಾನದಿಂದ ಕೆರೆಯ ಪಕ್ಕದ ಗುರುದ್ವಾರದವರೆಗೆ, ಅಲ್ಲಿಂದ ಆಟೋ ಹಿಡಿದು ಶಿವಾಜಿನಗರಕ್ಕೆ, ರಸೆಲ್ ಮಾರ್ಕೆಟ್ಟಿನ ಹೂವು ಹಣ್ಣು ನೋಡಿಕೊಂಡು ಸೇಂಟ್ ಮೇರೀಸ್ ಬೆಸಿಲಿಕಾದ ಸೆಪ್ಟೆಂಬರ್ ಜಾತ್ರೆಗೆ ಹೋಗುತ್ತಿದ್ದವರು. ಬೆಂಗಳೂರು ದಂಡಿನ ಕಡೆ ಬೆಳೆದವರಿಗೆ ಬದುಕಿನ ಅರ್ಧ ಪಾಲು ಬೀದಿಯಲ್ಲೇ ಇರುತ್ತದೆ. ಮೂರನೆಯ ಭಾಗದಲ್ಲಿ ನನಗೆ ಸಿಕ್ಕಿದ್ದು ಆ ಬೀದಿ. ಯಾವ ಸಾಮಾನಿಗೆ ಬೇಕಾದರೂ ಯಾವ ಬಣ್ಣ, ಯಾವ ಚಿತ್ತಾರ ಬೇಕಾದರೂ ಹಚ್ಚಬಹುದಾಗಿತ್ತು. ಸೋಫಾಗೆ ಅಜ್ಜಿಯ ಚೌಕಳಿ ಸೀರೆಯ ಬಣ್ಣ ಹಾಕಿಸಿದವಳು ನೀನೇ.

ಈಗ ನಾಲ್ಕನೆಯದಕ್ಕೆ ಬಾ. 2014ರ ಸೆಪ್ಟೆಂಬರಿನಲ್ಲಿ ಬಂದಾಗ ಅದರಲ್ಲಿ ಈಜುಕೊಳ ಇರಲಿಲ್ಲ. ತಪ್ಪು ಹೆಜ್ಜೆಯ ವಯಸ್ಸೇ ಇರಲಿಲ್ಲ. ಊರು ತುಂಡು ತುಂಡಾಗಿತ್ತು. ಪಕ್ಕದ ಮನೆಗೆ ಹೋಗಬೇಕೆಂದರೂ ತೆರೆ ಮುಚ್ಚಿ, ಲೋಡ್ ಆಗಿ, ಮತ್ತೆ ತೆರೆಯಬೇಕು. ಬಣ್ಣ ಅವರು ಕೊಟ್ಟಷ್ಟೇ. ಎಲ್ಲಕ್ಕಿಂತ ನನಗೆ ಚುಚ್ಚಿದ್ದು ಆ ಕೂಸು. ಎತ್ತಿ ಮುದ್ದಿಸಬಹುದು, ಹಾಲೂಡಿಸಬಹುದು, ಆದರೆ ತೊಟ್ಟಿಲು ಬಿಟ್ಟು ಆಚೆ ಒಯ್ಯುವಂತಿಲ್ಲ. ಆಟದ ಲೆಕ್ಕದಲ್ಲಿ ಕೂಸು ತೊಟ್ಟಿಲೆಂಬ ಪೀಠೋಪಕರಣದ ಒಂದು ಭಾಗ. ಕೆಲವು ದಿನ ಕಳೆದರೆ ಅಲ್ಲಿಂದ ನೇರವಾಗಿ ಶಾಲೆಗೆ ಹೋಗುವ ಮಗು ಎದ್ದು ನಿಲ್ಲುತ್ತದೆ. ಮೊದಲ ಹೆಜ್ಜೆಯಿಲ್ಲ, ತೊದಲು ಮಾತಿಲ್ಲ. ಮನೆಯೊಳಗೆ ಕಾಲ ಕಾಣಬೇಕು ಎಂದುಕೊಂಡಿದ್ದ ನನ್ನಂಥವಳಿಗೆ ಅಲ್ಲಿ ವರ್ಷಗಳನ್ನೇ ಕತ್ತರಿಸಿ ಎಸೆದಂತೆ ಕಂಡಿತು.

ಅರ್ಧಂಬರ್ಧ ಶುರುವಾಗುವುದು ಹೊಸದೇನಲ್ಲ ಎಂದು ನೀನು ಅನ್ನಬಹುದು. ನಿಮ್ಮ ಕೆ.ಆರ್.ಪುರಕ್ಕೆ ಮೆಟ್ರೋ ಬಂದದ್ದೇ ಹಾಗೆ. 2023ರ ಮಾರ್ಚ್‌ನಲ್ಲಿ ಕೆ.ಆರ್.ಪುರದಿಂದ ವೈಟ್‌ಫೀಲ್ಡಿಗೆ ರೈಲು ಓಡಿತು, ಬೈಯಪ್ಪನಹಳ್ಳಿಯಿಂದ ಕೆ.ಆರ್.ಪುರದವರೆಗಿನ ಚಿಕ್ಕ ತುಂಡು ಮಾತ್ರ ಅಕ್ಟೋಬರ್ 9ರವರೆಗೆ ತೆರೆಯಲಿಲ್ಲ. ಜನ ಇಳಿದು, ಬಸ್ಸು ಹತ್ತಿ, ಮತ್ತೆ ರೈಲು ಹಿಡಿದರು. ಆದರೆ ಓಡದ ರೈಲಿಗೆ ಯಾರೂ ಟಿಕೆಟ್ ಕೊಳ್ಳಲಿಲ್ಲ. ‘ಸಿಮ್ಸ್’ನ ನಾಲ್ಕನೆಯ ಭಾಗಕ್ಕಾದರೋ ಮೊದಲ ದಿನವೇ 60 ಡಾಲರಿನ ಪೂರ್ತಿ ಬೆಲೆ ಇತ್ತು. ಈಜುಕೊಳ 2014ರ ನವೆಂಬರಿನಲ್ಲೇ ಬಂತು. ತಪ್ಪು ಹೆಜ್ಜೆಯ ಮಕ್ಕಳು ಬಂದದ್ದು 2017ರ ಜನವರಿಯಲ್ಲಿ, ತೊಟ್ಟಿಲಿನಿಂದ ಇಳಿಯುವ ಹಸುಗೂಸು 2023ರ ಮಾರ್ಚ್‌ನಲ್ಲಿ. ಇವೆಲ್ಲ ಉಚಿತವಾಗಿಯೇ ಸೇರಿದವು, 2022ರ ಅಕ್ಟೋಬರಿನಿಂದ ಮೂಲ ಆಟವೂ ಉಚಿತ. ಆದರೂ ಮೊದಲೇ ದುಡ್ಡು ಕೊಟ್ಟವರು ಕೊಂಡದ್ದು ಅಪೂರ್ಣ ವಸ್ತುವನ್ನು ಎಂಬುದು ನನ್ನ ತೀರ್ಮಾನ. ಅದನ್ನು ಬದಲಿಸಲು ಕಾರಣ ಸಿಕ್ಕಿಲ್ಲ.

ಮೂರನೆಯ ಖಾನೆಯನ್ನೂ ಪ್ರಾಮಾಣಿಕವಾಗಿ ತುಂಬಬೇಕು. ಏನಾಯಿತು ಎಂದು ಬರೆಯುವಾಗ ಒಳ್ಳೆಯದಾದದ್ದನ್ನೂ ಬರಿ. ನಾಲ್ಕನೆಯ ಭಾಗದ ಜನರಿಗೆ ಭಾವನೆಗಳಿವೆ, ಉಣ್ಣುತ್ತ ಮಾತಾಡುತ್ತಾರೆ, ಮುಖವನ್ನು ಮಣ್ಣು ತಿದ್ದಿದಂತೆ ಕೈಯಲ್ಲೇ ತಿದ್ದಬಹುದು. ನಿನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಓಡುತ್ತದೆ. ಮೂರನೆಯದು ಒಳ್ಳೊಳ್ಳೆ ಮಶೀನನ್ನೇ ಏದುಸಿರು ಬಿಡಿಸುತ್ತಿತ್ತು. ಬೀದಿಯ ಮಧ್ಯೆ ಜನ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತಿದ್ದರು. ಎರಡನೆಯದರಲ್ಲಿ ಸತ್ತವರ ಗೋರಿಕಲ್ಲನ್ನು ಅಳಿಸಿದರೆ ಇಡೀ ಬಡಾವಣೆಯ ಕಡತವೇ ಕೆಡುವ ಅಪಾಯವಿತ್ತು. ಹಳೆಯದರ ಮೇಲಿನ ಪ್ರೀತಿಯಲ್ಲಿ ನಾವು ಇದನ್ನೆಲ್ಲ ಬಿಟ್ಟು ಮಾತಾಡುತ್ತೇವೆ. ಹಾಗೆ ಬಿಟ್ಟು ಬರೆದ ದೂರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಇನ್ನು ‘ಎಲ್ಲರನ್ನೂ ಕಿತ್ತುಹಾಕಬೇಕು’ ಎಂಬ ಮಾತು. ನಿನಗೆ ಗೊತ್ತಿರಲಿಕ್ಕಿಲ್ಲ, ಒಮ್ಮೆ ಹಾಗೇ ಆಗಿದೆ. 2013ರ ಮಾರ್ಚ್‌ನಲ್ಲಿ ಹೊಸ ‘ಸಿಮ್‌ಸಿಟಿ’ ಬಂತು. ಸದಾ ಇಂಟರ್‌ನೆಟ್ ಬೇಕೆಂಬ ನಿಯಮ, ಸರ್ವರ್‌ಗಳು ಭಾರ ತಡೆಯಲಿಲ್ಲ, ದುಡ್ಡು ಕೊಟ್ಟವರಿಗೆ ಆಡಲು ಆಗಲಿಲ್ಲ. ಇಂಟರ್‌ನೆಟ್ ಇಲ್ಲದೆ ಆಡುವ ಅವಕಾಶ ಬಂದದ್ದು ಒಂದು ವರ್ಷದ ಮೇಲೆ. 2015ರ ಮಾರ್ಚ್‌ನಲ್ಲಿ ಅದನ್ನು ಮಾಡಿದ ಎಮೆರಿವಿಲ್‌ನ ಮ್ಯಾಕ್ಸಿಸ್ ಸ್ಟುಡಿಯೋವನ್ನೇ ಮುಚ್ಚಿದರು. ಅಲ್ಲಿಂದ ಈಚೆಗೆ ಹೊಸ ದೊಡ್ಡ ‘ಸಿಮ್‌ಸಿಟಿ’ ಕಂಪ್ಯೂಟರಿಗೆ ಬಂದಿಲ್ಲ. ಜನರನ್ನು ಮನೆಗೆ ಕಳಿಸಿದ್ದರಿಂದ ಆಟ ಸುಧಾರಿಸಲಿಲ್ಲ, ಆಟವೇ ನಿಂತುಹೋಯಿತು.

ನಮ್ಮ ಪೂರ್ವ ಬೆಂಗಳೂರಿನಲ್ಲಿ ಕೆಟ್ಟದ್ದಕ್ಕೆಲ್ಲ ತಪ್ಪು ಮಾಡಿದವರದ್ದೇ ಆಗಿರಬೇಕಿಲ್ಲ ಎಂದು ವಿವರಿಸಿ ಹೇಳಬೇಕಾಗಿಯೇ ಇಲ್ಲ. ಇಂದಿರಾನಗರದಿಂದ ಕೆ.ಆರ್.ಪುರ ದಾಟುವವರೆಗೆ ಯಾವ ಗಲ್ಲಿಗೆ ಹೋದರೂ ರಿಲೀಸ್ ಹಿಂದಿನ ರಾತ್ರಿ ನಿದ್ದೆಗೆಟ್ಟವರು ಸಿಗುತ್ತಾರೆ. ತಾರೀಖು ಗೊತ್ತು ಮಾಡುವವರು ಬೇರೆ, ಕೋಡ್ ಬರೆಯುವವರು ಬೇರೆ. ‘ಇದು ಇನ್ನೂ ಆಗಿಲ್ಲ’ ಎಂದು ಟೆಸ್ಟಿಂಗ್‌ನವರು ಬರೆದ ಬಗ್‌ಗೆ ‘ಮುಂದಿನ ರಿಲೀಸಿಗೆ’ ಎಂಬ ಚೀಟಿ ಬೀಳುವುದನ್ನು ನಾನು ಕೆಲಸ ಮಾಡಿದ ಕಡೆಯೆಲ್ಲ ನೋಡಿದ್ದೇನೆ. ‘ಸಿಮ್ಸ್’ನ ನಾಲ್ಕನೆಯ ಭಾಗ ಬರುವ ಮೊದಲೇ ಅದರ ನಿರ್ಮಾಪಕಿ ರೇಚಲ್ ಫ್ರಾಂಕ್ಲಿನ್ ಈಜುಕೊಳ, ಪುಟ್ಟ ಮಕ್ಕಳು ಇರುವುದಿಲ್ಲ ಎಂದು ಬಹಿರಂಗವಾಗಿ ಬರೆದು ಕಾರಣ ಕೊಟ್ಟಿದ್ದರು. ಆ ಕಾರಣ ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಒಪ್ಪಿಗೆಯಾಗದಿರುವುದಕ್ಕೂ ಹೆಸರು ಹಿಡಿದು ಬೈಯುವುದಕ್ಕೂ ಬಹಳ ಅಂತರವಿದೆ ಮಗಳೇ. ಆಟ ಮಾಡುವವರು ದೂರದವರೇನೂ ಅಲ್ಲ. 1997ರಲ್ಲಿ ರಾಜೇಶ್ ರಾವ್ ನಮ್ಮ ಊರಿನಲ್ಲೇ ‘ಧ್ರುವ ಇಂಟರ‍್ಯಾಕ್ಟಿವ್’ ಎಂಬ ಗೇಮ್ ಸ್ಟುಡಿಯೋ ಶುರುಮಾಡಿದರು. ಹೊರದೇಶದ ದೊಡ್ಡ ಆಟಗಳ ಕಾರು, ಕಟ್ಟಡಗಳ ಚಿತ್ರಕೆಲಸ ಎಷ್ಟೋ ಇಲ್ಲಿ ಆಯಿತು. 2019ರಲ್ಲಿ ಅದನ್ನು ಹೊರದೇಶದ ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡಿತು. ನೀನು ನಾಳೆ ಸೇರಬೇಕೆಂದಿರುವುದು ಅಂಥ ಕಡೆಗೇ ಅಲ್ಲವೇ?

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಇದರಲ್ಲಿ ರಾಜಿಯಿಲ್ಲ. ಮೂಲ ಆಟ ಉಚಿತವೆಂದು ಬಾಗಿಲು ತೆರೆದಿದೆ, ಒಳಗೆ ಒಂದೊಂದು ದೊಡ್ಡ ಹೆಚ್ಚುವರಿ ಪ್ಯಾಕಿಗೆ 40 ಡಾಲರ್. ಎಲ್ಲ ಸೇರಿಸಿ ಪೂರ್ತಿ ಬೆಲೆಗೆ ಕೊಂಡರೆ ಸಾವಿರ ಡಾಲರ್ ದಾಟುತ್ತದೆ. 2022ರ ಫೆಬ್ರವರಿಯಲ್ಲಿ ಮದುವೆಯ ಪ್ಯಾಕ್ ಬಂದಾಗ ಅತಿಥಿಗಳು ಕೂರುವುದೇ ಇಲ್ಲ, ಶಾಸ್ತ್ರ ಮುಗಿಯುವುದೇ ಇಲ್ಲ ಎಂಬ ದೂರು ಎಲ್ಲ ದೇಶಗಳಿಂದ ಬಂತು. ಬಿಡುಗಡೆಗೆ ಮುಂಚೆ ಯಾವುದಕ್ಕೂ ದುಡ್ಡು ಕಟ್ಟಬೇಡ. ಬಂದ ಮೇಲೂ ಬೇರೆಯವರು ಆಡಿದ್ದನ್ನು ನೋಡಿ, ನಿನ್ನ ನಡುವಿನ ಖಾನೆಗೆ ಹೊಂದುತ್ತದೆಯೇ ಎಂದು ಲೆಕ್ಕ ಹಾಕಿ ಆಮೇಲೆ ಕೊಳ್ಳು. ಇನ್ನೊಂದು: ಹಳೆಯ ಡಿಸ್ಕುಗಳನ್ನು ಎಸೆಯಬೇಡ. ಸರಣಿಯ 25 ವರ್ಷದ ನೆಪದಲ್ಲಿ 2025ರ ಜನವರಿ 31ರಂದು ಮೊದಲೆರಡು ಭಾಗಗಳನ್ನು ಮತ್ತೆ ಮಾರಾಟಕ್ಕೆ ಬಿಟ್ಟರು. ಅದು ಬರುವವರೆಗೆ ಹೊಸದಾಗಿ ಕೊಳ್ಳಬೇಕೆನ್ನುವ ಹೆಚ್ಚಿನವರಿಗೆ ನೇರ ದಾರಿ ಇರಲಿಲ್ಲ. ಹೆಚ್ಚಾಗಿ ಎತ್ತಿಟ್ಟುಕೊಂಡವರ ಬಳಿಯೇ ಅವು ಉಳಿದಿದ್ದವು.

ನಿರಾಸೆಯನ್ನು ಸರಿಯಾಗಿ ಬರೆದುಕೊಂಡ ಒಬ್ಬನ ಕಥೆ ಹೇಳಿ ಮುಗಿಸುತ್ತೇನೆ. ಎರಿಕ್ ಬರೋನ್ ಎಂಬ ಅಮೆರಿಕದ ಹುಡುಗ. ‘ಹಾರ್ವೆಸ್ಟ್ ಮೂನ್’ ಎಂಬ ಜಪಾನಿನ ಬೇಸಾಯದ ಆಟ ಆಡುತ್ತ ಬೆಳೆದವನು. ಬರುಬರುತ್ತ ಆ ಸರಣಿ ಸೊರಗಿತು ಎಂದು ಅವನಿಗೂ ಅನಿಸಿತು. ಕಂಪ್ಯೂಟರ್ ಸೈನ್ಸ್ ಓದಿ ಮುಗಿಸಿದ್ದ, ಕೆಲಸ ಸಿಕ್ಕಿರಲಿಲ್ಲ. ಏನು ತಪ್ಪಿಹೋಗಿದೆ, ಏನಿರಬೇಕಿತ್ತು ಎಂದು ಹುಡುಕುತ್ತ ತಾನೇ ಒಂದು ಆಟ ಮಾಡಲು ಕೂತ. ಸಂಜೆ ಹೊತ್ತು ಒಂದು ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ, ಉಳಿದ ಹೊತ್ತೆಲ್ಲ ಇದೇ. ಚಿತ್ರ, ಸಂಗೀತ, ಮಾತು, ಕೋಡ್ ಎಲ್ಲವೂ ಒಬ್ಬನದೇ. ಚೆನ್ನಾಗಿಲ್ಲ ಎನಿಸಿದ ಚಿತ್ರಗಳನ್ನು ಅಳಿಸಿ ಮತ್ತೆ ಮತ್ತೆ ಬರೆದ. ನಾಲ್ಕು ವರ್ಷಕ್ಕೂ ಮೇಲೆ ಹಿಡಿಯಿತು. 2016ರ ಫೆಬ್ರವರಿ 26ರಂದು ‘ಸ್ಟಾರ್‌ಡ್ಯೂ ವ್ಯಾಲಿ’ ಬಂತು, 2024ರ ಕೊನೆಯ ಹೊತ್ತಿಗೆ 4 ಕೋಟಿ ಪ್ರತಿ ದಾಟಿತ್ತು. ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುವುದಿಲ್ಲ. ‘ಸಿಮ್ಸ್’ಗೆ ಎದುರಾಗಿ ದೊಡ್ಡ ಕಂಪನಿಯೊಂದು ಮಾಡುತ್ತಿದ್ದ ‘ಲೈಫ್ ಬೈ ಯೂ’ 2024ರ ಜೂನ್‌ನಲ್ಲಿ ಹೊರಬರುವ ಮೊದಲೇ ರದ್ದಾಯಿತು. ‘ಸಿಮ್‌ಸಿಟಿ’ಯ ಜಾಗ ತುಂಬಿದ ‘ಸಿಟೀಸ್: ಸ್ಕೈಲೈನ್ಸ್’ನ ಎರಡನೆಯ ಭಾಗವೇ 2023ರಲ್ಲಿ ತನ್ನ ಅಭಿಮಾನಿಗಳಿಗೆ ನಿರಾಸೆ ಮಾಡಿತು. ಇದು ಕಷ್ಟದ ಕೆಲಸ. ಬರೋನ್‌ಗೆ ನೆರವಾದದ್ದು ತನಗೆ ಏನು ಬೇಕೆಂಬುದು ಇಂಚಿಂಚೂ ಗೊತ್ತಿದ್ದದ್ದು.

ನಿನ್ನ ನಡುವಿನ ಖಾನೆಯಲ್ಲಿ ಏನಿದೆ? ಬೆಳಿಗ್ಗೆ ನೀರು ಬರುವ ಹೊತ್ತಿಗೆ ಬಿಂದಿಗೆ ಸಾಲಿಡುವ ವಠಾರವನ್ನು ನಾನು ಯಾವ ಆಟದಲ್ಲೂ ಕಂಡಿಲ್ಲ. ಕೂಡು ಕುಟುಂಬದಲ್ಲಿ ಒಬ್ಬರ ಕೋಪ ಇನ್ನೊಬ್ಬರ ಅಡುಗೆಯಲ್ಲಿ ಇಣುಕುವುದನ್ನೂ ಕಂಡಿಲ್ಲ. 2023ರಲ್ಲಿ ಕೆನಡಾದಲ್ಲಿ ಕೂತು ಮಾಡಿದ ‘ವೆಂಬಾ’ ಎಂಬ ಆಟದಲ್ಲಿ ತಮಿಳು ತಾಯಿಯೊಬ್ಬಳು ಇಡ್ಲಿ ಬೇಯಿಸುವುದರಿಂದಲೇ ಕಥೆ ಶುರುವಾಗುತ್ತದೆ, ಲೋಕವೆಲ್ಲ ಅದನ್ನು ಆಡಿತು. ನಮ್ಮ ಕಡೆಯದನ್ನು ನಮ್ಮವರು ಮಾಡುವವರೆಗೆ ಅದು ಇರುವುದಿಲ್ಲ.

ಬೈದು ಬರೆದ ಆ ಸಾಲುಗಳನ್ನು ಯಾರಿಗೂ ಕಳಿಸಬೇಡ, ಅಳಿಸಿಬಿಡು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಖಾನೆ ಎಳೆದು, ನಾಲ್ಕನೆಯ ಭಾಗದ ಬಗ್ಗೆ ನಿನಗಿರುವ ದೂರುಗಳನ್ನೆಲ್ಲ ಒಂದೊಂದಾಗಿ ಬರಿ, ಮೆಚ್ಚಿಗೆಯಾದದ್ದನ್ನೂ ಸೇರಿಸು. ಗೊಡೋ ಎಂಬ ಗೇಮ್ ಎಂಜಿನ್ ಉಚಿತವಾಗಿ ಸಿಗುತ್ತದೆ, ನಿನ್ನ ಲ್ಯಾಪ್‌ಟಾಪಿಗೆ ಅದು ಭಾರವಾಗುವುದಿಲ್ಲ. ಸೆಮಿಸ್ಟರ್ ಪರೀಕ್ಷೆ ಮುಗಿಸಿಕೊಂಡು ಹಲಸೂರಿಗೆ ಬಾ. ಒಂದು ಮನೆ, ಒಂದು ನಲ್ಲಿ, ಇಬ್ಬರು ಜನ, ಇಷ್ಟರಿಂದ ಶುರುಮಾಡೋಣ. ಟೆಸ್ಟಿಂಗ್ ನನಗಿರಲಿ.

ನಿನ್ನ
ದೊಡ್ಡಮ್ಮ